ಎಂಜಿನ್ ಬಿಸಿಯಾಗಲು ಕಾದ ಕಳ್ಳ

ಬುಧವಾರ ಸಂಜೆ ಐದೂವರೆಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸಿನ ತಲೆಗೂದಲು ಇನ್ನೂ ಒದ್ದೆಯಾಗಿತ್ತು. ಕೊರಳಲ್ಲಿ ಸೀಟಿ, ಹೆಗಲಲ್ಲಿ ಟವೆಲ್ ತುರುಕಿದ ಚೀಲ. ಸಾರ್ವಜನಿಕ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದ ಅವರನ್ನು ಆ ಬಡಾವಣೆಯಲ್ಲಿ ಎಲ್ಲರೂ ಈಜು ಟೀಚರ್ ಎಂದೇ ಕರೆಯುತ್ತಿದ್ದರು. ಅವರು ಹೇಳಿದ್ದು ಇಷ್ಟು: ಮಧ್ಯಾಹ್ನ ಕೆಲಸಕ್ಕೆ ನಡೆದು ಹೋಗುವಾಗ ಮನೆ ಪಕ್ಕದ ಶೆಡ್ಡಿನಲ್ಲಿ ಇದ್ದ ಕಾರು, ಐದಕ್ಕೆ ವಾಪಸ್ ಬಂದಾಗ ಇರಲಿಲ್ಲ. ಶೆಡ್ಡಿನ ಬೀಗ ಮಾತ್ರ ಹಾಕಿದ ಹಾಗೇ ಇತ್ತು.

ದೂರು ಬರೆದುಕೊಳ್ಳುತ್ತಿದ್ದ ದಫೇದಾರ್ ಕಾರಿನ ವಿವರ ಕೇಳಿದರು. ಹದಿನಾಲ್ಕು ವರ್ಷ ಹಳೆಯದು, ಕಡುನೀಲಿ ಬಣ್ಣ, ಎರಡೇ ಸೀಟು, ಛಾವಣಿ ಮಡಚಬಹುದು.

ದಫೇದಾರರ ಪೆನ್ನು ನಿಂತಿತು. "ಸ್ಪೋರ್ಟ್ಸ್ ಕಾರಾ?"

"ಹೌದು."

"ಈಜು ಕಲಿಸೋ ಸಂಬಳದಲ್ಲಿ?"

"ಸೆಕೆಂಡ್ ಹ್ಯಾಂಡು. ಒಂದೂವರೆ ವರ್ಷ ಹುಡುಕಿ ತಗೊಂಡಿದ್ದು."

ಒಳಕೋಣೆಯಲ್ಲಿದ್ದ ಇನ್‌ಸ್ಪೆಕ್ಟರ್ ಮೇಡಂ ಈ ಮಾತು ಕೇಳಿಸಿಕೊಂಡು ಹೊರಗೆ ಬಂದರು. ಸರ್ವಿಸಿನ ಮೊದಲ ಎಂಟು ವರ್ಷ ಅವರು ವಾಹನ ಕಳವಿನ ದಳದಲ್ಲೇ ಕಳೆದಿದ್ದರು. ಕದ್ದ ಬಂಡಿ ಹುಡುಕುವುದು ಅವರಿಗೆ ನೀರು ಕುಡಿದಷ್ಟು ಸಲೀಸು ಎಂಬ ಮಾತು ಇಲಾಖೆಯಲ್ಲಿತ್ತು. ಅದನ್ನು ಅವರು ಅಲ್ಲಗಳೆದವರೂ ಅಲ್ಲ. ಟೀಚರನ್ನು ಕೂರಿಸಿ, ಕಾರು ಕೊಂಡ ಕತೆಯನ್ನು ಮೊದಲಿನಿಂದ ಹೇಳಲು ಕೇಳಿದರು. ಅದಷ್ಟೂ ಕೇಳಲು ಮುಕ್ಕಾಲು ಗಂಟೆ ಹಿಡಿಯಿತು. ದಫೇದಾರ್ ಒಮ್ಮೆಯೂ ಆಕಳಿಸಲಿಲ್ಲ. ಅಳಿಯನಿಗೊಂದು ಹಳೆಯ ಕಾರು ಕೊಡಿಸಬೇಕೆಂದು ಅವರೂ ಕೆಲವು ದಿನಗಳಿಂದ ತಲೆ ಕೆಡಿಸಿಕೊಂಡಿದ್ದರು.

ಶಾಲೆಗೆ ಹೋಗುವ ವಯಸ್ಸಿನಲ್ಲಿ ಟೀಚರ್ ಅಂಥದ್ದೊಂದು ಕಾರನ್ನು ಬೀದಿ ಬದಿಯಲ್ಲಿ ನೋಡಿದ್ದರಂತೆ. ಅಂದಿನಿಂದ ಆಸೆ. ನಲವತ್ತೈದು ತುಂಬಿದ ಮೇಲೆ, ಈಗಿಲ್ಲದಿದ್ದರೆ ಇನ್ನೆಂದೂ ಇಲ್ಲ ಅನ್ನಿಸಿ ಹುಡುಕಲು ಶುರು ಮಾಡಿದರು. ಕೈಯಲ್ಲಿದ್ದ ದುಡ್ಡಿನಲ್ಲಿ ಒಂದು ಪಾಲನ್ನು ರಿಪೇರಿಗೆಂದು ಮೊದಲೇ ಪಕ್ಕಕ್ಕಿಟ್ಟು, ಉಳಿದದ್ದರಲ್ಲೇ ಕಾರು ಸಿಗಬೇಕೆಂದು ಗೆರೆ ಎಳೆದುಕೊಂಡರು. ಒಂದು ಕಾರನ್ನು ನೋಡಲು ಹೋದಾಗ ಬಾನೆಟ್ಟು ಮುಟ್ಟಿದರೆ ಬಿಸಿಯಾಗಿತ್ತು. ಮಾಲೀಕ ಮೊದಲೇ ಎಂಜಿನ್ ಓಡಿಸಿಟ್ಟಿದ್ದಾನೆ, ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಏನೋ ಹುಳುಕು ಹೊರಬೀಳುತ್ತದೆ ಎಂದು ಅದನ್ನು ಬಿಟ್ಟರು. ಇನ್ನೊಂದರ ಟೈರು ಒಂದೇ ಮಗ್ಗುಲಿಗೆ ಸವೆದಿತ್ತು. ಮತ್ತೊಂದಕ್ಕೆ ಸರ್ವಿಸ್ ಮಾಡಿಸಿದ ಒಂದು ಬಿಲ್ಲೂ ಇರಲಿಲ್ಲ. ಕೆಂಪು ಬಣ್ಣದ ಒಂದು ಕಾರು ಎಲ್ಲ ರೀತಿಯಲ್ಲೂ ಚೆನ್ನಾಗಿತ್ತು, ಆದರೂ ಬೇಡವೆಂದರು.

"ಅದನ್ಯಾಕೆ ಬಿಟ್ರಿ?" ದಫೇದಾರ್ ತಡೆಯಲಾರದೆ ಕೇಳಿದರು.

"ನೋಡಿದ ತಕ್ಷಣ ಮನಸ್ಸು ಜಾರಿಬಿಡ್ತು. ಮನಸ್ಸು ಜಾರಿದ ಮೇಲೆ ತಪ್ಪು ಕಾಣಲ್ಲ. ಅದಕ್ಕೇ ಎದ್ದು ಬಂದೆ."

ಕೊನೆಗೆ ಸೆಕೆಂಡ್ ಹ್ಯಾಂಡ್ ಕಾರುಗಳ ವ್ಯಾಪಾರಿಯೊಬ್ಬನ ಅಂಗಳದಲ್ಲಿ ಈ ನೀಲಿ ಕಾರು ಸಿಕ್ಕಿತು. ಕಾರುಗಳನ್ನು ಫಳಫಳ ಹೊಳೆಯುವಂತೆ ಉಜ್ಜಿ ನಿಲ್ಲಿಸುತ್ತಿದ್ದ ಅವನಿಗೆ ಪಾಲಿಶ್ ಎಂದೇ ಹೆಸರು ಬಿದ್ದಿತ್ತು. ಕಾರಿನ ಕಾಗದಪತ್ರಗಳೆಲ್ಲ ನೆಟ್ಟಗಿದ್ದವು, ಬೆಲೆ ಟೀಚರ್ ಎಳೆದ ಗೆರೆಯ ಒಳಗಿತ್ತು. ತಿಳಿದವರೊಬ್ಬರನ್ನು ಕರೆದುಕೊಂಡು ಹೋಗಿ ತೋರಿಸಿ, ಅವರು ಸರಿಯಿದೆ ಎಂದ ಮೇಲೆಯೇ ಕೊಂಡದ್ದು. ಕೊಂಡು ಎಂಟು ತಿಂಗಳಾಗಿತ್ತು. ಒಂದು ದಿನವೂ ಕೈಕೊಟ್ಟಿರಲಿಲ್ಲ.

"ಕೀ ಯಾರ ಹತ್ರ ಇತ್ತು?" ಇನ್‌ಸ್ಪೆಕ್ಟರ್ ಕೇಳಿದರು.

"ಒಂದು ಗೊಂಚಲು ನನ್ನ ಹತ್ರ. ಕಾರಿಂದು, ಶೆಡ್ಡಿಂದು, ಎರಡೂ ಅದರಲ್ಲೇ. ಇನ್ನೊಂದು ಜೊತೆ ಅಣ್ಣನ ಮನೇಲಿ."

ಕಳವು ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು. ಆರೂಮುಕ್ಕಾಲಕ್ಕೆ ಇಬ್ಬರು ಪಂಚರ ಎದುರು ಶೆಡ್ಡಿನ ಪಂಚನಾಮೆ ನಡೆಯಿತು. ಬೀಗಕ್ಕೆ ಗೀರು ಬಿದ್ದಿರಲಿಲ್ಲ, ನೆಲದ ಮೇಲೆ ಗಾಜಿನ ಚೂರಿರಲಿಲ್ಲ. ಬಂದವನು ಕೀಲಿಯಿಂದ ತೆಗೆದು, ಕಾರು ಹೊರಗೆ ಬಿಟ್ಟು, ಮತ್ತೆ ಇಳಿದು ಬೀಗ ಹಾಕಿಕೊಂಡೇ ಹೋಗಿದ್ದ.

ಎದುರಿನ ಟೈಲರ್ ಅಂಗಡಿಗೆ ಕ್ಯಾಮೆರಾ ಇತ್ತು. ಹೊಲಿಯಲು ಕೊಟ್ಟ ಬಟ್ಟೆಗಳು ಕಾಣೆಯಾಗುತ್ತಿದ್ದುದರಿಂದ ಹಾಕಿಸಿದ್ದು ಎಂದು ಟೈಲರ್ ಹೇಳಿದ. ಚಿತ್ರದಲ್ಲಿ, ಮಧ್ಯಾಹ್ನ ಎರಡು ದಾಟಿದ ಮೇಲೆ ಟೋಪಿ ಹಾಕಿ, ಮೂಗುಬಾಯಿಗೆ ಮಾಸ್ಕ್ ಕಟ್ಟಿದ ಒಬ್ಬ ಬರುತ್ತಾನೆ. ಶೆಡ್ಡಿನ ಬಾಗಿಲು ತೆರೆದು ಕಾರಿನೊಳಗೆ ಕೂರುತ್ತಾನೆ. ಹಿಂದಿನ ಕೊಳವೆಯಿಂದ ಹೊಗೆ ಬರುತ್ತದೆ. ಆಮೇಲೆ ಏನೂ ಆಗುವುದಿಲ್ಲ. ರಸ್ತೆಯಲ್ಲಿ ಜನ ಓಡಾಡುತ್ತಾರೆ, ಕಾರು ಅಲ್ಲೇ ನಿಂತಿರುತ್ತದೆ.

"ಇವನೇನು ಮೇಡಂ, ಕದಿಯೋಕೆ ಬಂದು ತೂಕಡಿಸ್ತಿದಾನಾ?" ದಫೇದಾರ್ ನಕ್ಕರು.

ಇನ್‌ಸ್ಪೆಕ್ಟರ್ ಅದನ್ನೇ ಎರಡನೇ ಸಲ ಹಾಕಿಸಿ ನೋಡಿದರು. "ಎಂಜಿನ್ ಬಿಸಿ ಆಗ್ಲಿ ಅಂತ ಕಾಯ್ತಿದಾನೆ ದಫೇದಾರ್ರೇ. ಸಿಕ್ಕಿಬೀಳೋ ಭಯಕ್ಕಿಂತ ಇವನಿಗೆ ಎಂಜಿನ್ ಹಾಳಾಗೋ ಭಯ ಜಾಸ್ತಿ."

ಐದು ನಿಮಿಷದ ಮೇಲೆ ಕಾರು ಹೊರಬಂತು. ಬೀದಿ ಕೊನೆಯ ರಸ್ತೆ ಉಬ್ಬನ್ನು ಅವನು ನೇರವಾಗಿ ಹತ್ತಿಸಲಿಲ್ಲ. ಓರೆಯಾಗಿ, ಒಂದೊಂದೇ ಚಕ್ರ ಇಳಿಸಿ, ಹಸುಗೂಸನ್ನು ಎತ್ತಿಕೊಂಡವರ ಹಾಗೆ ದಾಟಿಸಿದ. ಮಾರಲು ಕದಿಯುವವನು ಹೀಗೆ ಓಡಿಸುವುದಿಲ್ಲ ಎಂದು ಇನ್‌ಸ್ಪೆಕ್ಟರ್ ಅಲ್ಲೇ ಲೆಕ್ಕ ಹಾಕಿದರು.

ಮರುದಿನ ಬೆಳಿಗ್ಗೆ ಟೀಚರ ಅಣ್ಣನ ಹೇಳಿಕೆ ಪಡೆದರು. ಅವರದ್ದು ಪ್ರಿಂಟಿಂಗ್ ಪ್ರೆಸ್ಸು. ಒಂದು ಅಕ್ಕಿ ಮೂಟೆ ಇಡಲು ಜಾಗವಿಲ್ಲದ ಕಾರು ಯಾಕೆ ಬೇಕಿತ್ತು ಎಂದು ತಂಗಿಯ ಜೊತೆ ಜಗಳವಾಡಿದ್ದು ನಿಜವೆಂದು ಅವರೇ ಒಪ್ಪಿಕೊಂಡರು. ಆದರೆ ಕಳವಾದ ಹೊತ್ತಿನಲ್ಲಿ ಅವರು ಪ್ರೆಸ್ಸಿನಲ್ಲಿ ಆರು ಜನರ ಕಣ್ಣೆದುರು ಇದ್ದರು, ಅವರ ಬಳಿಯ ಕೀ ಬೀರುವಿನಲ್ಲೇ ಇತ್ತು. ಹೊರಡುವಾಗ ಅವರು ದಫೇದಾರರ ಹತ್ತಿರ ಮೆಲ್ಲಗೆ, ಒಂದು ಭಾನುವಾರ ತಂಗಿ ತನ್ನನ್ನೂ ಕೂರಿಸಿಕೊಂಡು ಹೋಗಿದ್ದಳು, ಚೆನ್ನಾಗಿತ್ತು, ಅವಳಿಗೆ ಹೇಳಬೇಡಿ ಎಂದು ಹೇಳಿ ಹೋದರು.

ಹನ್ನೊಂದು ಗಂಟೆಗೆ ವಿಮಾ ಕಂಪನಿಯಿಂದ ಉತ್ತರ ಬಂತು. ಏಳು ತಿಂಗಳು ಬರೀ ಅಪಘಾತದ ವಿಮೆ ಇದ್ದ ಕಾರಿಗೆ ಟೀಚರ್ ಹೋದ ತಿಂಗಳಷ್ಟೇ ಕಳವಿನ ವಿಮೆಯನ್ನೂ ಮಾಡಿಸಿದ್ದರು. ದಫೇದಾರರ ಮುಖ ಸಪ್ಪಗಾಯಿತು. ವಿಮೆ ದುಡ್ಡಿಗಾಗಿ ತಮ್ಮ ಬಂಡಿಯನ್ನು ತಾವೇ ಮಾಯ ಮಾಡಿಸುವವರನ್ನು ಇಬ್ಬರೂ ಬೇಕಾದಷ್ಟು ನೋಡಿದ್ದರು. ಟೀಚರನ್ನು ಮತ್ತೆ ಕರೆಸಲಾಯಿತು. ಈ ಸಲ ಅವರ ಕುರ್ಚಿ ಮೇಜಿನ ಆಚೆ ಬದಿಯಲ್ಲಿತ್ತು, ವಿಚಾರಣೆಗೆ ಬಂದವರು ಕೂರುವ ಕಡೆ.

"ಕಳವಿನ ವಿಮೆ ಯಾಕೆ ಮಾಡಿಸಿದ್ರಿ?"

"ಮೇಷ್ಟ್ರು ಹೇಳಿದ್ರು."

"ಯಾವ ಮೇಷ್ಟ್ರು?"

"ಕಾರು ನೋಡೋಕೆ ನನ್ನ ಜೊತೆ ಬಂದಿದ್ರಲ್ಲ, ಅವರು. ಈ ಮಾಡೆಲ್ ಕಾರಿನ ಮೇಲೆ ಕಳ್ಳರ ಕಣ್ಣಿದೆ, ವಿಮೆ ಮಾಡಿಸಮ್ಮ ಅಂದ್ರು. ಮಾಡ್ಸಿದ್ಯಾ ಅಂತ ಎರಡು ಸಲ ಫೋನೂ ಮಾಡಿದ್ರು."

"ಗೊಂಚಲು ಯಾವತ್ತಾದ್ರೂ ಅವರ ಕೈಗೆ ಕೊಟ್ಟಿದ್ರಾ?"

"ಎರಡು ತಿಂಗಳ ಹಿಂದೆ ಬ್ರೇಕು ಕೀರಲು ಸದ್ದು ಮಾಡ್ತಿತ್ತು. ಅವರ ಶೆಡ್ಡಲ್ಲಿ ಒಂದು ದಿನ ಬಿಟ್ಟಿದ್ದೆ. ಆದ್ರೆ ಮೇಡಂ, ಅವರನ್ನ ಇದರಲ್ಲಿ ಸೇರಿಸ್ಬೇಡಿ. ಅವರು ಅಂಥವರಲ್ಲ."

ಮೇಷ್ಟ್ರು ಯಾರೆಂದು ದಫೇದಾರರಿಗೇ ಗೊತ್ತಿತ್ತು. ತಾಂತ್ರಿಕ ಶಾಲೆಯಲ್ಲಿ ಮೂವತ್ತು ವರ್ಷ ಮೋಟಾರು ವಾಹನದ ಪಾಠ ಹೇಳಿ ನಿವೃತ್ತರಾದವರು, ಈಗ ತಮ್ಮದೇ ಶೆಡ್ಡಿನಲ್ಲಿ ಸಣ್ಣಪುಟ್ಟ ರಿಪೇರಿ ಮಾಡುತ್ತಿದ್ದರು. ಹಳೆಯ ಕಾರು ಕೊಳ್ಳುವವರು ಅವರನ್ನು ಜೊತೆಗೆ ಕರೆದೊಯ್ಯುವುದು ವಾಡಿಕೆಯಾಗಿತ್ತು. ಮೇಷ್ಟ್ರು ಎಂಜಿನ್ ಸದ್ದು ಕೇಳಿ, ಕಾರಿನ ಸುತ್ತ ಒಮ್ಮೆ ಬೆರಳಾಡಿಸಿ, ತಗೋ ಎಂದರೆ ತಗೋ, ಬಿಡು ಎಂದರೆ ಬಿಡು. ವ್ಯಾಪಾರಿಗಳು ಅವರ ತಲೆ ಕಂಡರೆ ಬೆಲೆ ತಾವಾಗಿಯೇ ಇಳಿಸುತ್ತಿದ್ದರು. ಅಳಿಯನ ಕಾರಿಗೆ ದಫೇದಾರರೂ ಅವರನ್ನೇ ಕೇಳಬೇಕೆಂದುಕೊಂಡಿದ್ದರು.

ಇನ್‌ಸ್ಪೆಕ್ಟರ್ ಸುತ್ತಲಿನ ಠಾಣೆಗಳಿಗೆ ಫೋನು ಹಚ್ಚಿ, ಇದೇ ಮಾಡೆಲಿನ ಕಾರು ಕಳವಾದ ದೂರು ಬೇರೆ ಎಲ್ಲಾದರೂ ಇದೆಯೇ ಎಂದು ವಿಚಾರಿಸಿದರು. ಪಕ್ಕದ ಠಾಣೆಯಲ್ಲಿ ಒಂದಿತ್ತು. ಬೆಳ್ಳಿ ಬಣ್ಣದ್ದು, ಬೇಕರಿ ಮಾಲೀಕನದ್ದು, ಮೂರು ವಾರಗಳ ಹಿಂದೆ ಹಗಲಲ್ಲೇ ಹೋಗಿತ್ತು. ಬೇಕರಿಯವನ ಉತ್ತರಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಾರು ಕೊಂಡದ್ದು ಪಾಲಿಶ್ ಹತ್ತಿರ. ನೋಡಿ ಒಪ್ಪಿಗೆ ಕೊಟ್ಟವರು ಮೇಷ್ಟ್ರು. ಕಳವಿನ ವಿಮೆ ಮಾಡಿಸೆಂದು ಬೆನ್ನು ಬಿದ್ದವರೂ ಅವರೇ.

"ಮೇಷ್ಟ್ರು ಯಾಕೆ ಕದೀತಾರೆ ಮೇಡಂ?" ದಫೇದಾರ್ ಜೀಪಿನಲ್ಲಿ ಕೇಳಿದರು. "ಕದ್ದು ಮಾರಿಲ್ಲ, ಬಿಡಿಭಾಗ ಬಿಚ್ಚಿ ಮಾರಿದ ಸುದ್ದಿನೂ ಎಲ್ಲೂ ಇಲ್ಲ."

"ಕಾರು ಸಿಕ್ಕಿದ್ರೆ ಅದೇ ಹೇಳುತ್ತೆ," ಎಂದರು ಇನ್‌ಸ್ಪೆಕ್ಟರ್.

ಟೈಲರ್ ಅಂಗಡಿಯ ಮುಂದಿನ ರಸ್ತೆಯಿಂದ ಒಂದೊಂದೇ ಕ್ಯಾಮೆರಾ ಹಿಡಿದುಕೊಂಡು ಇಬ್ಬರು ಪೇದೆಗಳು ನೀಲಿ ಕಾರಿನ ಬೆನ್ನು ಹತ್ತಿದ್ದರು. ಪೆಟ್ರೋಲ್ ಬಂಕು, ಔಷಧದ ಅಂಗಡಿ, ಶಾಲೆಯ ಗೇಟು ದಾಟಿ ಅದು ಮುಚ್ಚಿಹೋದ ಐಸ್ ಫ್ಯಾಕ್ಟರಿಯ ಕಡೆ ತಿರುಗಿತ್ತು. ಫ್ಯಾಕ್ಟರಿಯ ಹಿಂದೆ ಸಾಲು ಗೋದಾಮುಗಳು. ಅದರಲ್ಲಿ ಒಂದನ್ನು ಮೇಷ್ಟ್ರು ಬಾಡಿಗೆಗೆ ಹಿಡಿದಿದ್ದಾರೆಂದು ಕಾವಲುಗಾರ ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದ.

ಗುರುವಾರ ಮಧ್ಯಾಹ್ನ ಮೂರಕ್ಕೆ ಪಂಚರ ಸಮಕ್ಷಮದಲ್ಲಿ ಬೀಗ ಒಡೆದರು. ಎರಡು ಕಾರುಗಳೂ ಅಲ್ಲಿದ್ದವು, ನೀಲಿ ಮತ್ತು ಬೆಳ್ಳಿ. ಮೇಲೆ ಒಗೆದ ಬಟ್ಟೆಯ ಹೊದಿಕೆ. ಬ್ಯಾಟರಿಯ ತಂತಿ ಬಿಚ್ಚಿಟ್ಟಿತ್ತು. ಸೀಟುಗಳನ್ನು ಹೊರತೆಗೆದು ಗೋಡೆಗೆ ಒರಗಿಸಿತ್ತು, ನೆಲಹಾಸನ್ನು ಅಚ್ಚುಕಟ್ಟಾಗಿ ಕತ್ತರಿಸಿ ಸುತ್ತಿಟ್ಟಿತ್ತು. ಇನ್‌ಸ್ಪೆಕ್ಟರ್ ಟಾರ್ಚು ಹಿಡಿದು ನೀಲಿ ಕಾರಿನೊಳಗೆ ಬಗ್ಗಿದರು. ಸೀಟುಗಳಿದ್ದ ಜಾಗದ ಕೆಳಗೆ, ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಕಾರಿನ ತಳಕ್ಕೆ ಅಡ್ಡಲಾಗಿ ಬೆಸುಗೆಯ ಗೆರೆ ಓಡಿತ್ತು. ಅದರ ಮೇಲಿದ್ದ ಮೇಣ, ಬಣ್ಣವನ್ನೆಲ್ಲ ಯಾರೋ ಕೆರೆದು ತೆಗೆದಿದ್ದರು. ಬೆಳ್ಳಿ ಕಾರಿನಲ್ಲೂ ಅದೇ ಗೆರೆ.

ಅವರು ಎದ್ದು ನಿಂತು ಕೈ ಒರೆಸಿಕೊಂಡರು. ಮುಂಭಾಗ ಜಜ್ಜಿಹೋದ ಒಂದು ಕಾರು, ಹಿಂಭಾಗ ಜಜ್ಜಿಹೋದ ಇನ್ನೊಂದು. ಎರಡನ್ನೂ ನಡುವೆ ಕತ್ತರಿಸಿ, ಚೆನ್ನಾಗಿರುವ ಅರ್ಧಗಳನ್ನು ಬೆಸೆದು, ಬಣ್ಣ ಬಳಿದು ಒಂದು ಕಾರು ಎಂದು ಮಾರಿದ್ದರು. ಗಟ್ಟಿ ಛಾವಣಿ ಇಲ್ಲದ ಕಾರಿಗೆ ತಳವೇ ಬೆನ್ನೆಲುಬು. ಆ ಬೆಸುಗೆ ಬಿಟ್ಟುಕೊಂಡರೆ, ಓಡುತ್ತಿರುವ ಕಾರು ನಡುವಿನಲ್ಲೇ ಮಡಚಿಕೊಳ್ಳುತ್ತದೆ.

ಪಂಚನಾಮೆ ಬರೆಯುತ್ತಿರುವಾಗಲೇ ಹೊರಗೆ ಸ್ಕೂಟರಿನ ಸದ್ದಾಯಿತು. ಮೇಷ್ಟ್ರು ಬಂದಿದ್ದರು. ಒಡೆದ ಬೀಗ, ಜೀಪು, ಪೊಲೀಸರು ಎಲ್ಲವನ್ನೂ ನೋಡಿದರು. ಓಡಲಿಲ್ಲ. ಸ್ಕೂಟರನ್ನು ನೆರಳಿಗೆ ತಳ್ಳಿ ಸ್ಟ್ಯಾಂಡ್ ಹಾಕಿ, ಒಳಗೆ ಬಂದು ಇನ್‌ಸ್ಪೆಕ್ಟರ ಎದುರು ನಿಂತರು.

"ಇನ್ನೊಂದಿದೆ ಮೇಡಂ," ಎಂದರು. "ಹಳದಿ ಕಾರು. ಅದು ನಂಗೆ ಸಿಕ್ಕಿಲ್ಲ. ಮೊದಲು ಅದನ್ನ ನಿಲ್ಲಿಸಿ, ಆಮೇಲೆ ನನ್ನನ್ನ ಏನು ಬೇಕಾದ್ರೂ ಕೇಳಿ."

ಹಳದಿ ಕಾರು ಕೊಂಡವನು ಒಬ್ಬ ಫೋಟೋಗ್ರಾಫರ್. ಅವನು ಸ್ಟುಡಿಯೋ ಮುಚ್ಚಿ ಊರು ಬಿಟ್ಟಿದ್ದ, ಫೋನ್ ನಂಬರೂ ಬದಲಾಗಿತ್ತು. ಎರಡು ತಿಂಗಳಿಂದ ಮೇಷ್ಟ್ರು ಬಸ್ಸು ಹತ್ತಿ ಸುತ್ತಲಿನ ಊರುಗಳಿಗೆ ಹೋಗಿ ಅವನನ್ನು ಹುಡುಕುತ್ತಿದ್ದರು. ಇನ್‌ಸ್ಪೆಕ್ಟರ್ ಸಾರಿಗೆ ಇಲಾಖೆಗೆ ಫೋನ್ ಮಾಡಿದರು. ಅರ್ಧ ಗಂಟೆಯೊಳಗೆ ಹೊಸ ವಿಳಾಸವೂ ನಂಬರೂ ಸಿಕ್ಕವು. ಫೋನ್ ಎತ್ತಿದವಳು ಅವನ ಹೆಂಡತಿ. ಗಂಡ ಅತ್ತೆಯನ್ನು ಕೂರಿಸಿಕೊಂಡು ನಾದಿನಿಯ ಮನೆಗೆ ಹೊರಟು ಒಂದು ಗಂಟೆಯಾಯಿತು, ಬೆಟ್ಟದ ದಾರಿಯಲ್ಲಿ ಹೋಗುತ್ತಾರೆ, ಓಡಿಸುವಾಗ ಫೋನ್ ಎತ್ತುವುದಿಲ್ಲ ಎಂದಳು.

ಇನ್‌ಸ್ಪೆಕ್ಟರ್ ಗಡಿಯಾರ ನೋಡಿಕೊಂಡರು. ಬೆಟ್ಟ ಹತ್ತುವ ಮುಂಚೆ ಒಂದು ಟೋಲ್ ಗೇಟು ಬರುತ್ತಿತ್ತು. ಅಲ್ಲಿನ ಹೆದ್ದಾರಿ ಗಸ್ತಿನವರಿಗೆ ಕಾರಿನ ನಂಬರು, ಬಣ್ಣ ಹೇಳಿ, ಅಡ್ಡಗಟ್ಟಬೇಡಿ, ಬೆನ್ನಟ್ಟಬೇಡಿ, ಜೋರಾಗಿ ಬ್ರೇಕ್ ಹಾಕಿಸಬೇಡಿ, ಗೇಟು ಎತ್ತದೆ ಸುಮ್ಮನೆ ನಿಲ್ಲಿಸಿಕೊಳ್ಳಿ ಎಂದು ಒಂದೊಂದೇ ಮಾತು ಬಿಡಿಸಿ ಹೇಳಿದರು. ದಫೇದಾರ್ ಪಂಚನಾಮೆಯ ಉಳಿದ ಸಾಲು ಬರೆಯುವುದನ್ನೂ ಬಿಟ್ಟು ಕೂತರು. ಮೇಷ್ಟ್ರು ಗೋಡೆ ಹಿಡಿದು ನಿಂತೇ ಇದ್ದರು, ಕೂರಿ ಎಂದರೂ ಕೂರಲಿಲ್ಲ.

ನಾಲ್ಕೂಕಾಲಿಗೆ ಫೋನ್ ಬಂತು. ಹಳದಿ ಕಾರು ಟೋಲ್ ಸಾಲಿನಲ್ಲಿ ತಾನಾಗಿಯೇ ಬಂದು ನಿಂತಿತ್ತು. ಫೋಟೋಗ್ರಾಫರ್ ತನ್ನ ತಪ್ಪೇನೆಂದು ಕೂಗಾಡುತ್ತಿದ್ದ. ತಾಯಿ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಗಸ್ತಿನವರು ಜಾಕ್ ಕೊಟ್ಟು ಎಡಬದಿ ಎತ್ತಿ ನೋಡಿದಾಗ, ತಳದ ಬೆಸುಗೆ ಕಿರುಬೆರಳು ತೂರುವಷ್ಟು ಬಾಯಿ ಬಿಟ್ಟಿತ್ತು. ಅದನ್ನು ಕಂಡ ಮೇಲೆ ಫೋಟೋಗ್ರಾಫರನ ಕೂಗಾಟ ನಿಂತಿತು.

"ಇಬ್ಬರೂ ಚೆನ್ನಾಗಿದಾರೆ," ಎಂದು ಇನ್‌ಸ್ಪೆಕ್ಟರ್ ಹೇಳಿದಾಗ ಮೇಷ್ಟ್ರು ಗೋಡೆ ಬಿಟ್ಟು ಬಂದು ಕೂತರು.

ಠಾಣೆಯಲ್ಲಿ ಅವರ ಹೇಳಿಕೆ ಪಡೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಆ ಮೂರೂ ಕಾರುಗಳನ್ನು ನೋಡಿ ಸರಿಯಿದೆ ಎಂದವರು ಅವರೇ. ಪಾಲಿಶ್ ಅವರಿಗೆ ಬಿಡಿಗಾಸು ಕೊಟ್ಟಿರಲಿಲ್ಲ, ಅವರು ಕೇಳಿಯೂ ಇರಲಿಲ್ಲ. ಎರಡು ವರ್ಷಗಳಿಂದ ಕಣ್ಣಿಗೆ ಪೊರೆ ಬಂದಿತ್ತು. ಯಾರಿಗೂ ಹೇಳದೆ ಕಿವಿ ಮತ್ತು ಬೆರಳಿನ ಅಂದಾಜಿನ ಮೇಲೆ ಕೆಲಸ ಸಾಗಿಸುತ್ತಿದ್ದರು. ಕಡೆಗೆ ಮಗಳು ಬಲವಂತ ಮಾಡಿ ಆಪರೇಷನ್ ಮಾಡಿಸಿದಳು. ಕಣ್ಣಿನ ಪಟ್ಟಿ ಬಿಚ್ಚಿ ಕೆಲಸಕ್ಕೆ ಕೂತ ಮೊದಲ ವಾರ ಟೀಚರ ಕಾರು ಬ್ರೇಕ್ ಸದ್ದಿಗೆಂದು ಶೆಡ್ಡಿಗೆ ಬಂತು. ಎತ್ತಿ ಅಡಿಯಲ್ಲಿ ದೀಪ ಹಿಡಿದರೆ, ಬಣ್ಣದ ಕೆಳಗೆ ಬೆಸುಗೆಯ ಉಬ್ಬು ಕಂಡಿತು. ಅದೇ ಅಂಗಳದಲ್ಲಿ ಅದೇ ಮಾಡೆಲಿನ ಇನ್ನೆರಡು ಕಾರಿಗೂ ತಾವು ತಲೆಯಾಡಿಸಿದ್ದು ಆಗ ನೆನಪಾಯಿತು.

ಇನ್‌ಸ್ಪೆಕ್ಟರ್ ಕೇಳಿದರು, "ಆವತ್ತೇ ಟೀಚರ್‌ಗೆ ಹೇಳ್ಬಹುದಿತ್ತಲ್ಲ?"

"ಹೇಳೋಕೆ ಅಂತಾನೇ ಮನೆಗೆ ಹೋದೆ, ಕಾರು ಇನ್ನೂ ನನ್ನ ಶೆಡ್ಡಲ್ಲೇ ಇತ್ತು. ಪಕ್ಕದ ಮನೆಯವರು ಬಂದ್ರು. ಅವರ ಮುಂದೆ ಆಯಮ್ಮ, ನನ್ನ ಕಾರು ಆರಿಸಿಕೊಟ್ಟ ಕೈ ಇದೇ ನೋಡಿ ಅಂತ ನನ್ನ ಕೈ ಹಿಡಿದು ತೋರ್ಸಿದ್ರು. ಕಾಫಿ ಕುಡಿದು ವಾಪಸ್ ಬಂದೆ."

"ಪೊಲೀಸರಿಗೆ?"

"ಹೇಳಿದ್ರೆ ನಿಮ್ಮ ಮೊದಲ ಪ್ರಶ್ನೆ ಏನಿರ್ತಿತ್ತು ಮೇಡಂ? ನೀವೇ ನೋಡಿದ್ರಲ್ಲ ಮೇಷ್ಟ್ರೇ, ಅಂತ."

ಅದಕ್ಕಾಗಿ ಅವರು ಬೇರೆ ದಾರಿ ಹಿಡಿದಿದ್ದರು. ಕೊಂಡವರ ದುಡ್ಡು ಮುಳುಗದಂತೆ ಕಳವಿನ ವಿಮೆ ಮಾಡಿಸಿ, ರಿಪೇರಿಗೆ ಬಿಟ್ಟಾಗ ಕೈಗೆ ಬಂದ ಕೀಗಳಿಗೆ ನಕಲು ಮಾಡಿಸಿ, ಒಂದೊಂದಾಗಿ ಕಾರುಗಳನ್ನು ತಾವೇ ಕದ್ದು ತಂದರು. ಮೂರನೆಯದೂ ಸಿಕ್ಕಿದ್ದರೆ ಎಲ್ಲವನ್ನೂ ತುಂಡು ಮಾಡಿ ಗುಜರಿಗೆ ಹಾಕುವ ಯೋಚನೆಯಿತ್ತು.

"ಅದು ಸಿಗೋವರೆಗೂ ಆ ಕಾರು ರಸ್ತೆ ಮೇಲೇ ಇತ್ತು ಮೇಷ್ಟ್ರೇ," ಇನ್‌ಸ್ಪೆಕ್ಟರ್ ದನಿ ಏರಿಸದೆ ಹೇಳಿದರು. "ನೀವು ಎರಡು ತಿಂಗಳು ಹುಡುಕಿದ್ದನ್ನ ನಾವು ಅರ್ಧ ಗಂಟೇಲಿ ಹುಡುಕಿದ್ವಿ. ಇವತ್ತು ಬೆಟ್ಟದಲ್ಲಿ ಏನಾದ್ರೂ ಆಗಿದ್ರೆ?"

ಸಂಜೆ ಏಳಕ್ಕೆ ಅವರ ಬಂಧನ ದಾಖಲಾಯಿತು. ಅದೇ ಹೊತ್ತಿಗೆ ಪಾಲಿಶನ ಅಂಗಳಕ್ಕೆ ಹೋದ ಎರಡನೇ ತಂಡ, ಬೆಸುಗೆಗೆ ಕಾಯುತ್ತಿದ್ದ ಇನ್ನೆರಡು ಅರ್ಧ ಕಾರುಗಳನ್ನು ಜಪ್ತಿ ಮಾಡಿ ಅವನನ್ನೂ ಕರೆತಂದಿತು. ವಂಚನೆ, ಜನರ ಜೀವಕ್ಕೆ ಅಪಾಯ ತಂದ ಆರೋಪಗಳು ಅವನ ಮೇಲೆ ಬಿದ್ದವು. ಅವನು ರಾತ್ರಿಯಿಡೀ ವಕೀಲರಿಗೆ ಫೋನ್ ಮಾಡಲು ಕೇಳುತ್ತಲೇ ಇದ್ದ. ಮೇಷ್ಟ್ರು ಏನನ್ನೂ ಕೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಮೇಷ್ಟ್ರನ್ನು ನ್ಯಾಯಾಲಯಕ್ಕೆ ಕರೆದೊಯ್ಯುವ ಮುಂಚೆ ಈಜು ಟೀಚರ್ ಬಂದರು. ಕಾರು ಮತ್ತೆ ರಸ್ತೆಗೆ ಇಳಿಯುವಂತಿಲ್ಲ ಎಂಬುದು ಅವರಿಗೆ ಆಗಲೇ ತಿಳಿದಿತ್ತು. ಒಂದೂವರೆ ವರ್ಷ ತಾವೇ ಅಷ್ಟು ಎಚ್ಚರದಿಂದ ನೋಡಿದ್ದಕ್ಕೆ ಅರ್ಥವೇ ಇಲ್ಲವಾಯಿತೇ ಎಂದು ದಫೇದಾರರನ್ನು ಕೇಳಿದರು. ನೀವು ಬಿಟ್ಟ ನಾಲ್ಕು ಕಾರುಗಳಲ್ಲಿ ಏನೇನಿತ್ತೋ ಯಾರಿಗೆ ಗೊತ್ತು, ಇನ್ನೊಂದು ಸಲ ಹುಡುಕುವಾಗ ನನ್ನನ್ನೂ ಕರೆಯಿರಿ, ನಾನೂ ಕಲಿಯಬೇಕು ಎಂದರು ದಫೇದಾರ್. ಹುಡುಕಿಯೇ ಹುಡುಕುತ್ತೇನೆ ಎಂದು ಟೀಚರ್ ಹೇಳಿದರು. ಆ ಮಾತಿನಲ್ಲಿ ಅನುಮಾನವಿರಲಿಲ್ಲ.

ಇನ್‌ಸ್ಪೆಕ್ಟರ್ ಅನುಮತಿ ಕೊಟ್ಟ ಮೇಲೆ ಅವರು ಒಳಗೆ ಹೋಗಿ ಮೇಷ್ಟ್ರ ಎದುರಿನ ಬೆಂಚಿನಲ್ಲಿ ಕೂತರು.

"ನಂಗೆ ಹೇಳ್ಬೇಕಿತ್ತು ಮೇಷ್ಟ್ರೇ," ಎಂದರು ಟೀಚರ್. "ಹೇಳಿದ್ರೆ ನಾನೇನು ಮಾಡ್ತಿದ್ದೆ? ಸಿಟ್ಟು ಬರೋದು, ಚೆನ್ನಾಗಿ ಬೈತಿದ್ದೆ. ಅಷ್ಟೇ ತಾನೇ?"

ಮೇಷ್ಟ್ರು ಎರಡೂ ಅಂಗೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಅವರನ್ನೇ ನೋಡುತ್ತಿದ್ದರು. ಶಾಲೆಯಲ್ಲಿ ಅಷ್ಟು ವರ್ಷ, ಆಮೇಲೆ ವ್ಯಾಪಾರಿಗಳ ಅಂಗಳದಲ್ಲಿ, ಅವರ ಮಾತಿಗೆ ಎದುರಾಡಿದವರು ಯಾರೂ ಇರಲಿಲ್ಲ.

"ಹೌದಮ್ಮ, ಅಷ್ಟೇ," ಎಂದರು. "ಬೈಸ್ಕೊಂಡು ಅಭ್ಯಾಸ ಇರ್ಲಿಲ್ಲ ನಂಗೆ."